ರೇಡಿಯೇಟರಿಗೆ ಹಾಲಿನ ಚಹಾ

ಅದಾತ್ಸಾಗ್
ಜನವರಿ ೨೪

ಪ್ರೀತಿಯ ಅಮ್ಮ,

ಒಲೆ ಬೆಚ್ಚಗಿದೆ, ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದೇನೆ. ನಿನ್ನ ಎರಡು ಪ್ರಶ್ನೆ ಮುಗಿದವು. ಮೂರನೆಯದು ಜೀಪಿನದು. ಫೋನಿನಲ್ಲಿ ಹೇಳಿದರೆ ನಡುವೆಯೇ ಬೈಯುತ್ತೀಯ, ಅದಕ್ಕೇ ಈ ಕಾಗದ.

ಹೊಸವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಚೋಯಿರ್‌ನ ಮನೆಗೆ ಆ ಜೀಪಿನಲ್ಲೇ ಬಾ, ಅದು ಕೈಕೊಟ್ಟರೆ ಮಾರಿ, ಗ್ರಂಥಾಲಯದ ಕೆಲಸವನ್ನೂ ಬಿಟ್ಟು ಮನೆ ಸೇರು ಎಂದಿದ್ದೆ ನೀನು. ನಾನೂ ಒಪ್ಪಿದ್ದೆ. ಜೀಪಿಲ್ಲದೆ ಇಲ್ಲಿ ನನಗೆ ಕೆಲಸವೂ ಇಲ್ಲ. ಕುರಿಗಾಹಿಗಳ ಚಳಿಗಾಲದ ಬಿಡಾರಗಳಿಗೆ ಪುಸ್ತಕ ಹೊತ್ತು ನಡೆಯಲಾದೀತೇ? ಹೋದ ವಾರ ಸೋತೇಬಿಟ್ಟೆ ಅಂದುಕೊಂಡೆ.

ಅಂದು ರಾತ್ರಿ ದುಲ್ಮಾ ಅಜ್ಜಿಯ ಬಿಡಾರದಲ್ಲಿ ಉಳಿದಿದ್ದೆ. ನೀರು ಹೆಪ್ಪುಗಟ್ಟೀತೆಂದು ರೇಡಿಯೇಟರ್ ಬರಿದು ಮಾಡಿ, ಎಂಜಿನ್ನಿಗೆ ಕಂಬಳಿ ಹೊದಿಸಿ ಮಲಗಿದೆ. ಬೆಳಿಗ್ಗೆ ತುಂಬಲು ಬಿಸಿನೀರು ಕೇಳಿದರೆ, ಅಜ್ಜಿ ಒಲೆಯ ಮೇಲಿದ್ದ ಉಪ್ಪುಹಾಲಿನ ಚಹಾವನ್ನು ಹಂಡೆ ಸಮೇತ ಎತ್ತಿಕೊಂಡು ಬಂದರು.

"ಅಜ್ಜಿ, ಬರೀ ನೀರು ಸಾಕು" ಎಂದೆ.

"ಏನಂದೆ? ನೀನೂ ನಮ್ಮನೆಗೆ ಬಂದೋಳು, ನಿನ್ ಗಾಡೀನೂ ಬಂದಿದ್ದು. ಬಂದೋರಿಗೆ ಬರೀ ನೀರ್ ಕೊಟ್ಟು ಕಳಿಸಿದ್ಲು ಮುದುಕಿ ಅಂತ ಎಲ್ಲ ಆಡ್ಕೊಳ್ಳಲ್ವೇನೆ? ಹಿಡಿ ಲಾಳಿಕೆ!"

ನನ್ನ ಸಂಕೋಚ ನಿನಗೆ ಗೊತ್ತಲ್ಲ. ಲಾಳಿಕೆ ಹಿಡಿದೆ.

ಎರಡು ಗುಡ್ಡ ದಾಟುವುದರಲ್ಲಿ ಹಾಲು ಸೀದ ವಾಸನೆ, ಮುಂದೆಲ್ಲ ಹಬೆ. ಆರಿದ ಮೇಲೆ ಮುಚ್ಚಳ ತೆಗೆದರೆ ಒಳಗೆ ಒಡೆದ ಹಾಲಿನ ಗಟ್ಟಿ. ಆ ದಾರಿಯಲ್ಲಿ ಬಂದ ಲಾರಿಯವನು, ಕೈ ಬೀಸುವ ಮೊದಲೇ ನಿಂತು, ಹಗ್ಗ ಕಟ್ಟಿ ಇಲ್ಲಿನ ಶಾಲೆಯ ಬೆಚ್ಚನೆಯ ಶೆಡ್ಡಿಗೆ ಎಳೆದು ತಂದ.

ಫೋನಿನಲ್ಲಿ ಹಳೇ ಜೀಪಿನವರದೊಂದು ಗುಂಪಿದೆ ಎಂದಿದ್ದೆನಲ್ಲ, ಅಲ್ಲಿ ಕೇಳಿದೆ. ನನ್ನ ಹೆಸರು ಅಲ್ಲಿ 'ಹಸಿರು ಜೀಪು'. ಬ್ಯಾಂಬಾ ಎಂಬವನು, "ಏನ್ ತಮ್ಮಾ, ಬೆಣ್ಣೆ ಎಷ್ಟ್ ಬಂತು?" ಎಂದ. ಇನ್ನೊಬ್ಬ, "ಒಳಗೆ ನಾಲ್ಕು ಬೂಜ್ ಕಡುಬೂ ಬೇಯಿಸ್ಬಿಡು ಮಾರಾಯ, ಊಟಕ್ಕೆ ಬರ್ತೀವಿ" ಎಂದ. ನಗು ಮುಗಿದ ಮೇಲೆ ಒಬ್ಬ ಆಸಿಡ್ ಹಾಕು ಎಂದ, ಮತ್ತೊಬ್ಬ ಗುಜರಿಗೆ ಹಾಕು ಎಂದ.

ಆಗ 'ಬೂದು ಒಂಟೆ' ಎಂಬ ಹೆಸರಿನವರು ಬರೆದರು: "ನಗೋರು ನಗ್ಲಿ. ಹಾಲು ತಳ ಹಿಡಿದ ಹಂಡೆನ ಏನ್ ಹಾಕಿ ತೊಳೀತಾರೆ? ಸೋಡಾ ತಾನೇ? ಇದೂ ಒಂದು ಹಂಡೆ. ಆಸಿಡ್ ಮುಟ್ಬೇಡ."

ಉಪ್ಪುಕೆರೆಯ ಅಂಚಿನಲ್ಲಿ ಕೆರೆದು ತಂದ ಸೋಡಾ ಡಬ್ಬಿಯಲ್ಲಿತ್ತು. ಬಿಸಿನೀರಿನಲ್ಲಿ ಕರಗಿಸಿ ತುಂಬಿದೆ, ಎಂಜಿನ್ ಓಡಿಸಿದೆ, ಹೊರಬಿಟ್ಟೆ. ಮೊದಲು ಮೊಸರಿನಂಥದ್ದು, ಆಮೇಲೆ ಗಂಜಿಯಂಥದ್ದು. ತಿಳಿನೀರು ಬರುವ ತನಕ ತೊಳೆಯುವುದನ್ನು ನಿಲ್ಲಿಸಬೇಡ, ಸೋಡಾ ಒಳಗೆ ಉಳಿದರೆ ರಬ್ಬರ್ ತಿನ್ನುತ್ತದೆ ಎಂದು ಬೂದು ಒಂಟೆ ಒಂದೊಂದೇ ಸಾಲು ಬರೆಯುತ್ತಿದ್ದರು. "ಫ್ಯಾನ್ ತಿರುಗೋವಾಗ ಬಗ್ಗಿ ನೋಡ್ಬೇಡ. ನೋಡ್ಲೇಬೇಕಂದ್ರೆ ಜಡೆ ಕೋಟಿನೊಳಗೆ ಸೇರಿಸ್ಕೋ" ಎಂದೂ ಬರೆದರು. ಸೇರಿಸಿಕೊಂಡೆ.

ಈ ವಿವರವೆಲ್ಲ ನಿನಗೆ ಬೇಸರವೇನೋ. ನೀನು ಉಣ್ಣೆ ಸಾಗಿಸುವ ಲಾರಿ ಓಡಿಸಿದ ಕಾಲದ ಮಾತೆತ್ತಿದರೆ ಪಾತ್ರೆ ತೊಳೆಯಲು ಎದ್ದು ಹೋಗುವವಳು ನೀನು.

ನಿನ್ನೆ ದುಲ್ಮಾ ಅಜ್ಜಿಯ ಬಿಡಾರದವರೆಗೆ ಹೋಗಿ ಬಂದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಲಿಲ್ಲ. ಅಜ್ಜಿ ಮತ್ತೆ ಹಂಡೆಗೆ ಕೈಹಾಕಿದರು. ಈ ಸಲ ಬಾಯಿಬಿಟ್ಟೆ: "ಅಜ್ಜಿ, ಇದಕ್ಕೆ ಹಾಲು ಆಗಿಬರಲ್ಲ, ಹೊಟ್ಟೆ ಕೆಡುತ್ತೆ."

"ಅಯ್ಯೋ, ಮೊದ್ಲೇ ಹೇಳೋಕೇನಾಗಿತ್ತೆ ನಿಂಗೆ?" ಎಂದು ಗದರಿಸಿ, ಮನಸ್ಸು ತಡೆಯದೆ, ದಾರಿ ಸುಖವಾಗಲೆಂದು ಚಕ್ರಗಳಿಗೆ ಒಂದಿಷ್ಟು ಹಾಲು ಚಿಮುಕಿಸಿ ಕಳಿಸಿದರು.

ಹಬ್ಬದ ಹಿಂದಿನ ದಿನ ಹೊರಡುತ್ತೇನೆ. ಜೀಪಿನಲ್ಲೇ.

ನಿನ್ನ
ಸೊಲೊಂಗೊ

ಮರೆತ ಮಾತು: ಆ ಗುಂಪಿನವರಿಗೆ ನಾನು ಇವತ್ತಿಗೂ 'ತಮ್ಮ'ನೇ. ನನಗೆ ಜಡೆಯಿದೆ ಎಂದು ಅಲ್ಲಿ ಯಾರಿಗೂ ಹೇಳಿಲ್ಲ. ಎರಡನೇ ಗೇರಿಗೆ ಹಾಕುವಾಗ ಒಂದು ಸದ್ದು ಬರುತ್ತಿದೆ. ಗುಂಪಿನಲ್ಲಿ ಕೇಳುವುದಿಲ್ಲ, ಮನೆಗೇ ತಂದು ಕೇಳಿಸುತ್ತೇನೆ. ರಿಪೇರಿಯ ಕೈಗವಸು ಎರಡು ಜೊತೆ ತರುತ್ತಿದ್ದೇನೆ, ನನಗೊಂದು, ನಿನಗೊಂದು.