ಕಂಠದ ಬಳಿ ಬಿಟ್ಟ ಜಾಗ

ಮಂಗಳವಾರ, ಬೆಳಿಗ್ಗೆ

ನನ್ನ ಮೊಂಡು ಸೊಸೆಗೆ ಅತ್ತೆಯ ಆಶೀರ್ವಾದಗಳು.

ನೀನು ತವರಿಗೆ ಹೋಗಿ ಇಪ್ಪತ್ತು ದಿನವಾಯಿತು. ನಾವು ಕ್ಷೇಮ. ನಿನ್ನ ಗಂಡ ಮಾತ್ರ ಮುಖ ಊದಿಸಿಕೊಂಡು ಓಡಾಡುತ್ತಾನೆ. ಮೊನ್ನೆ ಅಡುಗೆಗೆ ಉಪ್ಪು ಹಾಕಲು ಮರೆತಿದ್ದೆ. ತುಟಿಪಿಟಕ್ಕೆನ್ನದೆ ಉಂಡು ಎದ್ದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಇಷ್ಟು ಸಾಧುವಾದರೆ ನನಗೆ ಭಯ.

ಈ ಕಾಗದ ಅದಕ್ಕಲ್ಲ, ನಿನ್ನ ಇಂಗ್ಲಿಷ್ ಪದಕ್ಕೆ.

ತಲೆಗೆ ಹಚ್ಚುವ ನಮ್ಮ ಎಣ್ಣೆ ಇಷ್ಟು ವರ್ಷ ಪಕ್ಕದ ಬೀದಿಗಳಿಗಷ್ಟೇ ಹೋಗುತ್ತಿತ್ತು. ಬಾಟಲಿ ಕಂಠಪೂರ್ತಿ ತುಂಬಿದ್ದರೇ ಗಿರಾಕಿಗೆ ಮರ್ಯಾದೆ ಎಂದು ನಂಬಿದವಳು ನಾನು. ಮೊದಲ ಬಾರಿ ದೂರದ ಊರಿಗೆ ಲಾರಿಯಲ್ಲಿ ಕಳಿಸುವಾಗ ನೀನು ಗೋಡೆಯ ಹಲಗೆಯ ಮೇಲೆ ‘ಒಂದು ಬೆರಳು ಅಲಿಜ್ ಬಿಡಿ’ ಎಂದು ಬರೆದೆ. "ಅಳತೆ ಸರಿಯಿದೆ ಅತ್ತೆ, ಬಾಟಲೀನೇ ದೊಡ್ಡದು" ಎಂದೂ ಹೇಳಿದೆ. ಹೈಸ್ಕೂಲು ಓದಿದ ನನಗೇ ತಿಳಿಯದ ಪದ ನನ್ನ ಗೋಡೆಯ ಮೇಲೆ ಬೇಡವೆಂದು ನಾನೇ ಅಳಿಸಿದೆ.

ನಲವತ್ತೆಂಟು ಬಾಟಲಿ ಸೋರಿ ವಾಪಸು ಬಂದವು. ಲೇಬಲ್ ಅಂಟಿಸುವ ಅಕ್ಕನ ಎದುರಿಗೇ, "ಮುಚ್ಚಳ ಬಿಗಿ ಮಾಡೋಕೂ ಬರಲ್ವೇನಮ್ಮ ನಿಂಗೆ?" ಎಂದೆ. ನೀನು ಎದುರಾಡಲಿಲ್ಲ. ಕೈ ತೊಳೆದು, ಚೀಲ ತುಂಬಿಕೊಂಡು ಹೊರಟೆ. ಎದುರಾಡಿದ್ದರೆ ಚೆನ್ನಾಗಿತ್ತು.

ಕಳೆದ ವಾರ ಲೈಬ್ರರಿಗೆ ಹೋಗಿ ದಪ್ಪ ನಿಘಂಟು ಕೇಳಿದೆ. "ಮೊಮ್ಮಗನಿಗೇನಮ್ಮ?" ಎಂದರು ಅಲ್ಲಿನವರು. ನನಗೇ ಎಂದೆ. ಪಾಪ, ಕನ್ನಡಕ ಒರೆಸಿಕೊಂಡು ಓದಿ ಹೇಳಿದರು: ಅಲಿಜ್ ಎಂದರೆ ಪಾತ್ರೆಯಲ್ಲಿ ದ್ರವದ ಮೇಲೆ ಖಾಲಿ ಉಳಿಯುವ ಜಾಗ. ಹಿಂದೆ ಮದ್ಯದ ಪೀಪಾಯಿಗಳಿಗೆ ಹೇಳುತ್ತಿದ್ದರಂತೆ, ಈಗ ಎಣ್ಣೆ ಸಾಗಿಸುವ ಹಡಗಿಗೂ ರಾಕೆಟ್ಟಿನ ಟ್ಯಾಂಕಿಗೂ ಅದೇ ಪದವಂತೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕಂತೆ. "ರಾಕೆಟ್ಟಿನೋರೇ ಬಿಡ್ತಾರೆ, ನೀವ್ ಬಿಡಲ್ವಾ?" ಎಂದು ನಕ್ಕರು. ನಾನು ನಗಲಿಲ್ಲ.

ಪುಸ್ತಕದ ಮಾತು ನಂಬುವವಳಲ್ಲ ನಾನು. ಎರಡು ಬಾಟಲಿ ತುಂಬಿದೆ, ಒಂದು ನನ್ನಂತೆ, ಒಂದು ನಿನ್ನಂತೆ. ಎರಡರ ಮುಚ್ಚಳವನ್ನೂ ನಾನೇ ಬಿಗಿದು ತಾರಸಿಯ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನನ್ನದು ಸೋರಿತ್ತು. ನಿನ್ನದರ ಮೈ ಒಣಗಿಯೇ ಇತ್ತು.

ಹಲಗೆಯ ಮೇಲೆ ಪದವನ್ನು ಮತ್ತೆ ಬರೆದಿದ್ದೇನೆ. ಹಾಗಂದ್ರೇನು ಎಂದು ಲೇಬಲ್ ಅಕ್ಕ ಕೇಳಿದಳು. ನಮ್ಮ ಸೊಸೆಯ ಪದ, ಅವಳೇ ಬಂದು ಹೇಳಲಿ ಎಂದೆ.

ಇಂತಿ,
ಸೋಲು ಒಪ್ಪಿ ಅಭ್ಯಾಸವಿಲ್ಲದ
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ನಲವತ್ತೆಂಟನ್ನೂ ನೀನು ಜಾಗ ಬಿಟ್ಟೇ ತುಂಬಿದ್ದೆ. ನೀನು ಊಟಕ್ಕೆ ಹೋದಾಗ ಒಂದೊಂದೇ ಮುಚ್ಚಳ ತೆಗೆದು, ಎಣ್ಣೆ ಸುರಿದು, ತಿರುಗಿ ಮುಚ್ಚಿದವಳು ನಾನು. ನಿನ್ನನ್ನು ಬೈಯುವಾಗಲೂ ಅದು ನನಗೆ ಗೊತ್ತಿತ್ತು. ನಿನ್ನೆ ಊಟದ ಹೊತ್ತಿಗೆ ಲೇಬಲ್ ಅಕ್ಕನನ್ನೂ ಕೂರಿಸಿಕೊಂಡು ನಿನ್ನ ಗಂಡನಿಗೆ ಎಲ್ಲ ಹೇಳಿದೆ. ಅವನು ತಟ್ಟೆ ತಳ್ಳಿ, ಉಪ್ಪಿಲ್ಲವೆಂದು ಜಗಳ ತೆಗೆದ. ಉಪ್ಪು ಸರಿಯಾಗಿಯೇ ಇತ್ತು. ನೀನೂ ಬಾ, ನಿನ್ನ ಪಾಲಿನ ಜಗಳ ಬಾಕಿಯಿದೆ.