ಎಡೆ ಉಂಡು ಹೋದವರಿಗೆ

ಹಿನಕಲ್, ಮೈಸೂರು
15-9-2025, ಸೋಮವಾರ

ಕಡಕೊಳದಲ್ಲಿ ನಿಂಗಯ್ಯ ಅನ್ನುವ ಹೆಸರಿನಲ್ಲಿ ಬದುಕಿರುವ, ಹಿನಕಲ್ಲಿನಲ್ಲಿ ನಾಗೇಂದ್ರ ಅನ್ನುವ ಹೆಸರಿನಲ್ಲಿ ತೀರಿಕೊಂಡಿರುವ ನಮ್ಮ ಯಜಮಾನರಿಗೆ, ನಿಮ್ಮ ಹೆಂಡತಿ ವಸಂತ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಕೇಳುವ ಹಾಗಿಲ್ಲ. ಸತ್ತವರ ಕೈಬರಹ ಕಂಡರೆ ನಮ್ಮ ಪೋಸ್ಟ್‌ಮ್ಯಾನ್ ಸೈಕಲ್ ಬಿಟ್ಟು ಓಡಿಯಾನು. ಫೋನ್ ಮಾಡಕೂಡದು, ಪೊಲೀಸರು ನಂಬರ್ ತೆಗೆಸಿ ನೋಡುತ್ತಾರೆ ಅಂತ ಕಟ್ಟಳೆ ಮಾಡಿದವರು ನೀವೇ. ಕಾಗದ ಬರೆಯಕೂಡದು ಅಂತ ಹೇಳಲು ಮರೆತಿರಿ, ಹಾಗಾಗಿ ಬರೆಯುತ್ತಿದ್ದೇನೆ. ಬರುವ ಭಾನುವಾರ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಅವತ್ತು ನೀವು ಮನೆಗೆ ಬರಬೇಕು. ಯಾಕೆ ಅಂತ ಹೇಳುವ ಮುಂಚೆ ಒಂದಿಷ್ಟು ಬೈಯುವುದಿದೆ.

ಈ ಸುತ್ತಿನ ಸಾವುಗಳಿಗೆಲ್ಲ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಟ್ಟವರು ನೀವು. ಯಾರ ಮನೆಯಲ್ಲಿ ಎಷ್ಟು ಜನ ಅಳುತ್ತಾರೆ, ಎಷ್ಟು ಹೊತ್ತಿಗೆ ಕಾಫಿ ಬೇಕಾಗುತ್ತದೆ ಅಂತ ಹೆಣ ಎತ್ತುವ ಮುಂಚೆಯೇ ಹೇಳುತ್ತಿದ್ದಿರಿ. ಸಾವಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಕಣೆ ಅಂದಿರಿ, ನಾನು ನಂಬಿದೆ. ನೀವು ಸತ್ತು ಇನ್ಶೂರೆನ್ಸ್ ದುಡ್ಡು ಬಂದರೆ ರಿಂಗ್ ರೋಡಿನಲ್ಲಿ ಸ್ವಂತ ಛತ್ರ ಕಟ್ಟಿಸುವುದು, ಇನ್ನೊಬ್ಬರ ಮದುವೆಗೆ ಕುರ್ಚಿ ಹೊರುವುದು ತಪ್ಪುವುದು ಅಂತ ನಿಮ್ಮ ಲೆಕ್ಕ. ಸತ್ತವರು ಛತ್ರಕ್ಕೆ ಯಜಮಾನರಾಗಿ ಕೂರುವುದು ಹೇಗೆ ಅಂತ ನಾನು ಕೇಳಿದ್ದಕ್ಕೆ, ಗಡ್ಡ ಬಿಟ್ಟು ಮ್ಯಾನೇಜರ್ ಅಂತ ಬಂದು ಕೂತ್ಕೋತೀನಿ ಅಂದಿರಿ. ಅದಕ್ಕೆ ನಾನು ಸೋಲಲಿಲ್ಲ. ಮಕ್ಕಳಿಲ್ಲದ ಮನೆ ಕಣೆ, ದಿನಾ ಮದುವೆ ಜನ ಬಂದು ಗಲಗಲ ಅಂದ್ರೆ ಚೆಂದ ಅಲ್ವಾ ಅಂದಿರಲ್ಲ, ಆ ಮಾತಿಗೆ ಸೋತೆ.

ಹೋದ ವರ್ಷ ಶ್ರಾವಣದಲ್ಲಿ ಕಾವೇರಿ ತುಂಬಿ ಹರಿಯುವಾಗ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದೆವು. ಚಪ್ಪಲಿ, ಅಂಗಿ, ಪಂಚೆ, ವಾಚು ಎಲ್ಲ ಮೆಟ್ಟಿಲ ಮೇಲೆ ಚೆನ್ನಾಗಿ ಜೋಡಿಸಿಟ್ಟಿರಿ. ಬದಲಿ ಬಟ್ಟೆ ತರುವುದನ್ನು ಮರೆತಿದ್ದಿರಿ. ಟೆಂಪೋದಲ್ಲಿದ್ದ ಕೇಸರಿ ಶಾಮಿಯಾನದ ತುಂಡು ಸುತ್ತಿಕೊಂಡು ಕಬ್ಬಿನ ಗದ್ದೆಯ ಕಡೆ ಹೊರಟಾಗ ಎದುರಿಗೆ ಬಂದ ಮುದುಕನೊಬ್ಬ ಮಾದಪ್ಪನ ಬೆಟ್ಟಕ್ಕೆ ಹೊರಟವರು ಅಂದುಕೊಂಡು ಕಾಲು ಮುಟ್ಟಿದ. ನೀವು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದಿರಿ. ಕಿರುಚಬೇಕಾಗಿದ್ದ ನನಗೆ ನಗು ಬಂದು, ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ನೋಡಿದವರು, ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಅಂದರು.

ಆಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಪ್ರದ್ಯುಮ್ನ ಅನ್ನುವವರು ಬಂದರು. ಬಲು ಮರ್ಯಾದಸ್ಥರು. ಹೆಣ ಎಲ್ಲಿ ಮೇಡಂ ಅಂತ ಕೇಳಿದರು. ನದಿ ಇಟ್ಟುಕೊಂಡಿದೆ ಅಂದೆ. ಹೆಣ ಸಿಗದಿದ್ದರೆ ಮನುಷ್ಯನನ್ನು ಕಾನೂನು ಏಳು ವರ್ಷ ಸಾಯಗೊಡುವುದಿಲ್ಲವಂತೆ. ಅಲ್ಲಿಯವರೆಗೆ ಒಂದು ಬಿಡಿಗಾಸೂ ಇಲ್ಲ. ಅಷ್ಟು ಸಾವಿಗೆ ಕುರ್ಚಿ ಹಾಕಿಸಿದಿರಲ್ಲ, ಅದರಲ್ಲಿ ಹೆಣವಿಲ್ಲದ ಸಾವು ಒಂದಾದರೂ ಇತ್ತೇ ಅಂತ ಯೋಚಿಸಬಾರದಿತ್ತೇ? ಆ ಕುರ್ಚಿಗಳೇ ನಿಮ್ಮ ತಿಥಿಗೂ ಬಂದವು. ಬಾಡಿಗೆ ಯಾರ ಹೆಸರಿಗೆ ಬರೆಯಬೇಕು ಅಂತ ಅಂಗಡಿ ಆಳು ನನ್ನನ್ನೇ ಕೇಳಿದ.

ತಿಥಿಯವರೆಗೆ ಮನೆ ತುಂಬ ಜನ. ಮಾರನೆಯ ದಿನ ಬೆಳಿಗ್ಗೆ ಎದ್ದು, ರೂಢಿಯಂತೆ ಎರಡು ಲೋಟ ಕಾಫಿ ಮಾಡಿ, ಎರಡನ್ನೂ ನಾನೇ ಕುಡಿದೆ. ನಿಮ್ಮಕ್ಕ ಮಂಚಮ್ಮನೇ ನನ್ನ ಕುಂಕುಮ ಒರೆಸಿ, ಬಳೆ ತೆಗೆದದ್ದು. ಎದುರು ಮನೆಯ ಸಿಂಚನಳ ಮದುವೆಗೆ ಅರಿಶಿನ ಕುಟ್ಟುವುದಕ್ಕೆ ಬೀದಿಯ ಹೆಂಗಸರನ್ನೆಲ್ಲ ಕರೆದರು, ನನ್ನನ್ನು ಬಿಟ್ಟರು. ಆ ಮಗುವಿನ ಕಿವಿ ಚುಚ್ಚಿಸಿದಾಗ ಮಡಿಲಲ್ಲಿ ಕೂರಿಸಿಕೊಂಡಿದ್ದವಳು ನಾನು. ಗಂಡ ಬದುಕಿದ್ದಾನೆ ಅಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಸತ್ತ ಅಂತ ಮನಸ್ಸು ಬಿಚ್ಚಿ ಅಳುವ ಹಾಗಿಲ್ಲ. ದಿನಾ ಸಂಜೆ ಬಾಗಿಲು ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ಕನ್ನಡಿ ನೋಡಿಕೊಳ್ಳುತ್ತೇನೆ. ಯಾರಾದರೂ ಕದ ತಟ್ಟಿದರೆ ಒರೆಸಿಕೊಳ್ಳುತ್ತೇನೆ. ಈಚೆಗೆ ಯಾರೂ ತಟ್ಟುವುದಿಲ್ಲ. ಮಹಡಿಯಿಂದ ಚಾಮುಂಡಿ ಬೆಟ್ಟದ ದೀಪ ಕಾಣುತ್ತದಲ್ಲ, ಅದರ ಆಚೆಗೇ ಕಡಕೊಳ. ಅಮೆರಿಕಕ್ಕೆ ಹೋದವರಾದರೂ ವಿಡಿಯೋ ಕಾಲ್ ಮಾಡುತ್ತಾರೆ.

ಇನ್ನು ಹೋದ ವರ್ಷದ ಹಿರಿಯರ ಹಬ್ಬದ ವಿಷಯ. ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂದು ಅಂಗಡಿ ಬಾಗಿಲು ಹಾಕಿದ್ದರಿಂದ, ಮಾಂಸ ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟಿದ್ದೆವು. ನೀವು ಹೊಸ ಹಿರೀಕರು, ಮೊದಲನೇ ಎಡೆ, ಏನೂ ಕಡಿಮೆಯಾಗಬಾರದು ಅಂತ ಮಂಚಮ್ಮನ ಹಟ. ಹಿತ್ತಿಲ ಕಡೆಯ ಕೋಣೆಯಲ್ಲಿ ನಿಮ್ಮ ಫೋಟೋದ ಮುಂದೆ ಬಾಳೆಲೆ ಹಾಕಿ ಮುದ್ದೆ, ಮಟನ್ ಸಾರು, ಕೈಮ ಉಂಡೆ, ಕಜ್ಜಾಯ, ಎಲೆಅಡಿಕೆ, ಒಂದು ಕಟ್ಟು ಬೀಡಿ ಇಟ್ಟೆವು. ಪಕ್ಕದಲ್ಲಿ ಹೊಸ ಪಂಚೆ, ನೀಲಿ ಗೆರೆಯ ಅಂಗಿ. ಧೂಪ ಹಾಕಿ, ಹಿರಿಯರು ಬಂದು ನಿಸೂರಾಗಿ ಉಣ್ಣಲಿ ಅಂತ ಬಾಗಿಲು ಮುಂದಕ್ಕೆ ಮಾಡಿ, ಎಲ್ಲರೂ ನಡುಮನೆಯಲ್ಲಿ ನಿಂತೆವು. ರಜಾ ದಿನವಾದರೂ ಅವತ್ತೇ ಏನೋ ಸಹಿಗೆ ಅಂತ ಬಂದಿದ್ದ ಪ್ರದ್ಯುಮ್ನ ಅವರನ್ನು ಮಂಚಮ್ಮ ಊಟಕ್ಕೆ ನಿಲ್ಲಿಸಿಕೊಂಡಿದ್ದರು.

ಬಾಗಿಲಿಗೆ ಒರಗಿ ನಿಂತವಳು ನಾನು. ಒಳಗಿನಿಂದ ಮೂಳೆ ಹೀರುವ ಸದ್ದು ಕೇಳಿಸಿತು. ಇಪ್ಪತ್ತಾರು ವರ್ಷ ಬಡಿಸಿದವಳಿಗೆ ಆ ಸದ್ದು ಯಾರದು ಅಂತ ಯಾರೂ ಹೇಳಬೇಕಾಗಿಲ್ಲ. ಹಿತ್ತಿಲ ಬಾಗಿಲಿಂದ ನುಗ್ಗಿ, ನಿಮ್ಮ ಎಡೆಯ ಮುಂದೆ ನೀವೇ ಕೂತಿದ್ದಿರಿ. ನನಗೆ ಮೈಯೆಲ್ಲ ಬೆವರಿತು. ಆದರೆ ಅದಕ್ಕಿಂತ ಮೊದಲು ಸಂತೋಷವಾಯಿತು, ಅದನ್ನು ಇವತ್ತು ಹೇಳಿಬಿಡುತ್ತೇನೆ. ನಿಮ್ಮ ಸದ್ದು ಮುಚ್ಚುವುದಕ್ಕೆ ಎದೆ ಬಡಿದುಕೊಂಡು ಅತ್ತೆ. ನೀವು ಹೋದಾಗಿನಿಂದ ಅತ್ತ ನಿಜವಾದ ಅಳು ಅದೊಂದೇ. ಅಷ್ಟರಲ್ಲಿ ನೀವು ತೇಗಿದಿರಿ. ಪ್ರದ್ಯುಮ್ನ ತಲೆಯೆತ್ತಿ ನೋಡಿದರು. ನಾನು ಇನ್ನೂ ಜೋರಾಗಿ ಅತ್ತೆ.

ಉಂಡ ಹಿರಿಯರು ಎದ್ದು ಹೋಗಲಿ ಅಂತ ರೂಢಿಯಂತೆ ಕೆಮ್ಮಿ, ಕದ ತಟ್ಟಿ ತೆಗೆದರೆ ಎಲೆ ಖಾಲಿ. ಬೀಡಿಯ ಹೊಗೆ ಇನ್ನೂ ಸುತ್ತುತ್ತಿತ್ತು. ಪಂಚೆ, ಅಂಗಿ ಎರಡೂ ಇಲ್ಲ. ಮಂಚಮ್ಮ ಎಲೆಯ ಮುಂದೆ ಕುಸಿದು, ನನ್ ತಮ್ಮ ಬಂದಿದ್ದ ಕಣವ್ವ, ಮೂಳೆನೂ ಚೀಪ್ಬುಟ್ಟು ಹೋಗವ್ನೆ ಅಂತ ನೆಲ ಮುಟ್ಟಿ ಮುಟ್ಟಿ ಅತ್ತರು. ಪ್ರದ್ಯುಮ್ನ ಮಾತ್ರ ಎಲೆಯ ತುದಿಯಲ್ಲಿ ಸಾಲಾಗಿ ಇಟ್ಟಿದ್ದ ಕರಿಬೇವು ನೋಡುತ್ತ ನಿಂತು, ಆತ್ಮಕ್ಕೆ ಕರಿಬೇವು ಸೇರಲ್ವಾ ಮೇಡಂ ಅಂತ ಮೆಲ್ಲಗೆ ಕೇಳಿದರು. ಬದುಕಿದ್ದಾಗಲೂ ಸೇರುತ್ತಿರಲಿಲ್ಲ ಅಂದೆ. ಎರಡು ಸಲ ಬಡಿಸಿಕೊಂಡು ಊಟ ಮಾಡಿ ಹೋದರು. ಅವತ್ತಿನಿಂದ ಕಂಪನಿಯವರು ನನ್ನ ಫೋನ್ ಎತ್ತುವುದಿಲ್ಲ.

ನಿಮಗೆ ಗೊತ್ತಿಲ್ಲದ್ದು ಮುಂದಿನದು. ಹಿನಕಲ್ಲಿಗೆಲ್ಲ ನೀವು ಉಂಡು ಹೋದ ಸುದ್ದಿ ಹಬ್ಬಿತು. ಅಮಾವಾಸ್ಯೆ ಅಮಾವಾಸ್ಯೆಗೆ ಹೆಂಗಸರು ನಿಮ್ಮ ಫೋಟೋಗೆ ಹೂವು ತರುತ್ತಾರೆ. ಮಗನಿಗೆ ಕೆಲಸ ಸಿಗಲಿ, ಸೊಸೆ ಬಸಿರಾಗಲಿ ಅಂತ ಬೇಡಿಕೊಳ್ಳುತ್ತಾರೆ. ಕುರ್ಚಿ ಬಾಡಿಗೆಯಲ್ಲಿ ಇವರನ್ನೆಲ್ಲ ಸುಲಿದವರು ನೀವು, ಈಗ ವರ ಕೊಡುವವರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಹೋದ ತಿಂಗಳು ಮಂಚಮ್ಮ ಬಂದಾಗ ಅವರ ಕಿವಿ ಬರಿದಾಗಿತ್ತು. ತಮ್ಮನಿಗೆ ಒಂದು ಕಲ್ಲಿನ ಗುಡಿ ಕಟ್ಟಿಸುವುದಕ್ಕೆ ಅಂತ ತಮ್ಮದೇ ಮದುವೆಯ ಓಲೆ ಮಾರಿದ್ದಾರೆ. ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. ನಿಮ್ಮನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವರು. ನಾವು ಕಂಪನಿಯನ್ನು ಮುಳುಗಿಸಲು ಹೋಗಿ ಅವರನ್ನು ಮುಳುಗಿಸಿದೆವು.

ಅವತ್ತೇ ಕಡಕೊಳದ ಬಸ್ಸು ಹತ್ತಿದೆ. ಹೇಳಬಾರದು ಅಂದುಕೊಂಡಿದ್ದೆ. ನೀವು ಕಾಯುವ ಗೋಡೌನಿನ ಎದುರು, ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನರ ನಡುವೆ ಕೂತಿದ್ದಿರಿ. ಎಡೆಗಿಟ್ಟ ನೀಲಿ ಗೆರೆಯ ಅಂಗಿಯೇ ಮೈಮೇಲಿತ್ತು, ಹೊಟ್ಟೆಯ ಹತ್ತಿರ ಗುಂಡಿ ಬಿಗಿದಿತ್ತು. ಯಾರದೋ ಮಾತಿಗೆ ತೊಡೆ ತಟ್ಟಿಕೊಂಡು ನಕ್ಕಿರಿ. ನಮ್ಮ ಮನೆಯಲ್ಲಿ ನೀವು ಹಾಗೆ ನಕ್ಕು ಬಹಳ ವರ್ಷವಾಗಿತ್ತು. ಸತ್ತ ಮೇಲೆ ನಿಮಗೆ ಸುಖವಾಗಿದೆ, ಸಾಯದ ನಾನೇ ಹೆಣದ ಹಾಗೆ ಬದುಕುತ್ತಿದ್ದೇನೆ ಅನ್ನಿಸಿತು. ರಸ್ತೆ ದಾಟದೆ ಅದೇ ಬಸ್ಸಿನಲ್ಲಿ ವಾಪಸು ಬಂದೆ.

ಅದಕ್ಕೇ ಕೇಳುತ್ತಿದ್ದೇನೆ, ಭಾನುವಾರ ಬನ್ನಿ. ಛತ್ರ ಬೇಡ, ದುಡ್ಡು ಬೇಡ. ಅಕ್ಕನ ಮುಂದೆ ನಿಂತು ಬೈಸಿಕೊಳ್ಳಿ. ಆಮೇಲೆ ಆಗುವುದು ಆಗಲಿ, ಇಬ್ಬರೂ ಸೇರಿ ಅನುಭವಿಸೋಣ. ಬರದಿದ್ದರೆ ಹುಡುಕಿಕೊಂಡು ಬರುವುದಿಲ್ಲ. ನೀವು ಸಂಗಮದಲ್ಲೇ ಹೋದಿರಿ ಅಂತ ತಿಳಿದು, ಸಂಜೆ ಕುಂಕುಮ ಇಟ್ಟುಕೊಳ್ಳುವುದನ್ನೂ ಬಿಡುತ್ತೇನೆ.

ಇಂತಿ, ನೀವು ಬಂದರೆ ಹೆಂಡತಿ, ಬರದಿದ್ದರೆ ವಿಧವೆ,
ವಸಂತ

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯ ಬರಲಿಲ್ಲ. ನಿನ್ನೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ದುಡ್ಡು ಕೈಗೆ ಬಂದಿಲ್ಲವಾದ್ದರಿಂದ ಕೋರ್ಟಿನಲ್ಲಿ ಶಿಕ್ಷೆ ಬಹಳ ಉದ್ದ ಆಗಲಾರದಂತೆ, ಆದರೆ ಆಗುವುದು ಇಬ್ಬರಿಗೂ ಆಗುತ್ತದಂತೆ. ನೀವು ಎಲ್ಲಿದ್ದೀರಿ ಅಂತ ಕೇಳಿದರು, ಹೇಳಲಿಲ್ಲ. ಹಬ್ಬಕ್ಕೆ ಬಂದರೆ ಬರುತ್ತಾರೆ ಅಂದೆ. ಭಾನುವಾರ ಸಬ್‌ಇನ್ಸ್‌ಪೆಕ್ಟರು ನಮ್ಮ ನಡುಮನೆಯಲ್ಲೇ ಇರುತ್ತಾರೆ. ನಂಜನಗೂಡಿನ ಕಡೆಯವರು, ಅವರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರಂತೆ. ಎಲೆ ಮುಂದೆ ಕೂತವರನ್ನ ಎಬ್ಬಿಸಬಾರದು ಕಣಮ್ಮ, ಉಂಡು ಮುಗಿಸಲಿ, ಆಮೇಲೆ ಕೆಮ್ಮಿ ಕದ ತಟ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಹಿತ್ತಿಲ ಬಾಗಿಲ ಚಿಲಕ ತೆಗೆದಿಟ್ಟಿರುತ್ತೇನೆ. ನಿಧಾನವಾಗಿ ಉಣ್ಣಿ. ನಾನು ಬಾಗಿಲಿಗೆ ಒರಗಿಕೊಂಡೇ ನಿಂತಿರುತ್ತೇನೆ. ಸಾರಿಗೆ ಕರಿಬೇವು ಹಾಕುವುದಿಲ್ಲ.