ಪಿರಮಿಡ್ಡಿನ ಮೂರನೆಯ ಸಾಲು

ಹೊಸನಗರ
೧೮ ಅಕ್ಟೋಬರ್ ೧೯೮೨

ಶರಾವತಿಯ ಅಪ್ಪನವರಿಗೆ ವಾಗ್ದೇವಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಹೊಟ್ಟೆನೋವು ಹೇಗಿದೆ? ಬೀದರಿನ ಖಾನಾವಳಿಯ ಖಾರ ಆಗಿಬರುವುದಿಲ್ಲವೆಂದು ಗೊತ್ತಿದ್ದೂ ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುತ್ತೀರಿ, ಬೇಡವೆನ್ನಲು ನಾನಿಲ್ಲವಲ್ಲ. ಮಜ್ಜಿಗೆ ಮಾತ್ರ ಬಿಡಬೇಡಿ. ಅತ್ತೆಯವರ ಮಂಡಿನೋವು ಮೊದಲಿನಂತೆಯೇ ಇದೆ. ಊಟ, ಬೈಗುಳ ಎರಡೂ ಚೆನ್ನಾಗಿ ನಡೆದಿವೆ.

ಕವಾಯತು ಮಂಡಳಿ ಬಂದ ಮೇಲೆ ಹುಡುಗಿಯರ ಪಿರಮಿಡ್ ಸ್ಪರ್ಧೆ ಸುಧಾರಿಸಿದೆಯೇ ಎಂದು ಕೇಳಿದ್ದೀರಿ. ಬೀದರಿಗೆ ವರ್ಗವಾಗುವ ಮೊದಲು, ಇಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ, ಸಾಗರ ತೀರ್ಥಹಳ್ಳಿ ಎಂದು ಅಲೆದಾಡಿ ನೀವೇ ಕಟ್ಟಿಸಿದ ಮಂಡಳಿ. ಸುಳ್ಳು ಹೇಳಲಾರೆ, ಸುಧಾರಿಸಿತ್ತು. ಮೊದಲೆಲ್ಲ ಒಬ್ಬರ ಭುಜದ ಮೇಲೊಬ್ಬರು ನಿಂತು ಯಾವ ಶಾಲೆಯವರು ಹೆಚ್ಚು ಎತ್ತರ ಹೋದರೋ ಅವರಿಗೇ ಷೀಲ್ಡು. ಕನ್ನಮ್ಮನ ಮಗಳು ತೀರ್ಥಹಳ್ಳಿಯ ಮೈದಾನದಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡ ಮೇಲಲ್ಲವೇ ನೀವು ಹಟ ಹಿಡಿದು, ಎರಡೇ ಸಾಲು, ಕೆಳಗೆ ಹುಲ್ಲಿನ ಹಾಸು ಎಂದು ನಿಯಮ ಮಾಡಿಸಿದ್ದು. ಅಂದಿನಿಂದ ಒಂದು ಮಗುವಿಗೂ ಪೆಟ್ಟಾಗಿಲ್ಲ. ಜನ ಮಾತ್ರ ‘ಎಂತ ಸಪ್ಪೆ ಮಾರಾಯ್ರೆ’ ಎಂದು ಎದ್ದುಹೋಗುತ್ತಾರೆ. ಹೋಗಲಿ, ಮೇಲೆ ನಿಲ್ಲುವುದು ಅವರ ಮಕ್ಕಳಲ್ಲವಲ್ಲ.

ಈಗಿನ ಕಥೆ ಕೇಳಿ. ರಾಜ್ಯೋತ್ಸವಕ್ಕೆ ಸಾಗರಕ್ಕೆ ಮಂತ್ರಿಗಳು ಬರುತ್ತಾರಂತೆ. ವೇದಿಕೆಯ ಮುಂದೆ ಮೂರು ಸಾಲಿನ ಪಿರಮಿಡ್ ಕಟ್ಟಿ, ತುದಿಯಲ್ಲಿ ನಿಂತ ಹುಡುಗಿ ಮುಂದಕ್ಕೆ ಬಾಗಿ ಅವರ ಕೊರಳಿಗೆ ಹಾರ ಹಾಕಬೇಕೆಂದು ಮಂಡಳಿಯೇ ತೀರ್ಮಾನಿಸಿದೆ. ಆ ತುದಿಯ ಹುಡುಗಿ ನಮ್ಮ ಶರಾವತಿ. ಹಾಸೂ ಇಲ್ಲ, ಮಂತ್ರಿಗಳ ಮುಂದೆ ಹುಲ್ಲು ಹರಡಿದರೆ ಕೊಟ್ಟಿಗೆಯ ಹಾಗೆ ಕಾಣುತ್ತದಂತೆ! ನಾನು ಅಧ್ಯಕ್ಷ ಚಂದ್ರಯ್ಯನವರ ಮನೆಗೇ ಹೋಗಿ ಕೇಳಿದೆ. ‘ನಿಯಮ ಇರೋದು ಸ್ಪರ್ಧೆಗೆ ಕಣಮ್ಮಾ, ಇದು ಪ್ರದರ್ಶನ’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಬೀಳುವ ಮಗುವಿಗೆ ಸ್ಪರ್ಧೆ ಯಾವುದು, ಪ್ರದರ್ಶನ ಯಾವುದು? ಕಾಫಿ ಮುಟ್ಟದೆ ಎದ್ದೆ. ಅವರು ಬಾಗಿಲವರೆಗೂ ಬಂದು ಮೆಲ್ಲಗೆ, ‘ಮೇಷ್ಟ್ರನ್ನ ಊರಿಗೆ ವರ್ಗ ಮಾಡ್ಸೋ ವಿಷ್ಯ ಅವತ್ತೇ ಮಂತ್ರಿಗಳ ಕಿವಿಗೆ ಹಾಕ್ತೀನಿ. ಹಾರ ಹಾಕಿದ ಹುಡುಗಿ ಅಪ್ಪ ಅಂದ್ರೆ ಇಲ್ಲ ಅಂತಾರಾ?’ ಎಂದರು.

ನಿಜ ಹೇಳಲೇ? ಒಂದು ಗಳಿಗೆ ನನಗೂ ಹೂಂ ಎನ್ನೋಣ ಅನ್ನಿಸಿತು. ಸಂಜೆ ಬಸ್ಸಿನ ಸದ್ದು ಕೇಳಿದರೆ ಈಗಲೂ ಕಾಫಿಗೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಇಟ್ಟುಬಿಡುತ್ತೇನೆ. ಆದರೂ ನಮ್ಮ ಹುಡುಗಿ ಹತ್ತುವುದಿಲ್ಲ ಎಂದು ಹೇಳಿ ಬಂದೆ. ಇದಕ್ಕೆ ನನ್ನ ಮೇಲೆ ಸಿಟ್ಟಾಗಬೇಡಿ.

ಚಳಿ ಶುರುವಾಗಿರಬೇಕು, ಸ್ವೆಟರು ಪೆಟ್ಟಿಗೆಯ ತಳದಲ್ಲಿದೆ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ.

ನಿಮ್ಮ
ವಾಗ್ದೇವಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಶಾಲೆಯ ಕಡೆ ಹೋಗಿದ್ದೆ. ಶರಾವತಿ ನನಗೆ ಹೇಳದೆ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ. ಮೂರನೆಯ ಸಾಲಿನಲ್ಲಿ ನಿಂತಿದ್ದಳು, ಅವಳನ್ನು ಹೊತ್ತ ಹುಡುಗಿಯ ಭುಜ ಗಡಗಡ ನಡುಗುತ್ತಿತ್ತು. ಇಳಿದ ಮೇಲೆ ಬೈದರೆ, ‘ಅಪ್ಪ ವಾಪಸ್ ಬರ್ತಾರೆ ಅಂದ್ರೆ ನಾನು ಹತ್ತೇ ಹತ್ತೀನಿ, ನೀನು ಸುಮ್ನಿರಮ್ಮ’ ಎನ್ನುತ್ತಾಳೆ. ಚಂದ್ರಯ್ಯನವರು ಅವಳಿಗೂ ಹೇಳಿಬಿಟ್ಟಿದ್ದಾರೆ. ಇನ್ನು ನನ್ನ ಮಾತು ನಡೆಯುವುದಿಲ್ಲ. ಕಾಗದ ತಲುಪಿದ ಕೂಡಲೇ ಅವಳ ಹೆಸರಿಗೇ ತಂತಿ ಕೊಡಿ: ಅಪ್ಪನಿಗೆ ಬೀದರೇ ಹಿಡಿಸಿದೆ, ವರ್ಗ ಬೇಡ ಎಂದು. ಅಳುತ್ತಾಳೆ. ಅಳಲಿ, ನೆಲದ ಮೇಲೆ ನಿಂತು ಅಳಲಿ.